ಪದವಿನಲ್ಲಿ ಎಳೆದ ಸುಣ್ಣದ ಗೆರೆ

ಗಲ್ಫ್‌ನಲ್ಲಿ ಹತ್ತೊಂಬತ್ತು ವರ್ಷ ವಿಮಾನವನ್ನು ಹಿಂದಕ್ಕೆ ತಳ್ಳುವ ಪುಷ್‌ಬ್ಯಾಕ್ ಟ್ರಾಕ್ಟರ್ ಓಡಿಸಿ ಊರಿಗೆ ಬಂದವನು ನಾನು. ಈಗ ಮಂಜೇಶ್ವರದ ಹತ್ತಿರ ಮುರಕಲ್ಲಿನ ಪದವಿನಲ್ಲಿ (ಗುಡ್ಡದ ಮೇಲಿನ ಬಯಲಿನಲ್ಲಿ) ವಿಂಗ್ ವಾಕರ್ ಕೆಲಸಕ್ಕೆ ಹೋಗುವ ಹುಡುಗರಿಗೆ ಕಲಿಸುತ್ತೇನೆ. ವಿಮಾನವನ್ನು ತಳ್ಳುವಾಗ, ಎಳೆಯುವಾಗ ರೆಕ್ಕೆಯ ತುದಿ ಎಲ್ಲಿಗೂ ತಾಗದ ಹಾಗೆ ಪಕ್ಕದಲ್ಲಿ ನಡೆದು ಕಾಯುವವನೇ ವಿಂಗ್ ವಾಕರ್. ವಿಮಾನವೇ ಇಲ್ಲದೆ ರೆಕ್ಕೆ ಕಾಯುವುದನ್ನು ಹೇಗೆ ಕಲಿಸ್ತೀ ಅಂತ ಕೇಳದವರಿಲ್ಲ. "ಗದ್ದೆ ಇಲ್ಲದೆ ನೇಜಿ ನೆಡ್ತೀರಾ ಭಾವ?" ಅಂದಿದ್ದ ನನ್ನ ಭಾವ. ಈಗ ಅವನ ಮಗನೂ ಇಲ್ಲೇ ಕಲಿಯುತ್ತಿದ್ದಾನೆ.

ವಿಮಾನವನ್ನು ಟ್ರಾಕ್ಟರಿಗೆ ಜೋಡಿಸುವ ಟೋ ಬಾರ್, ಮೂತಿ ಚಕ್ರದ ಸ್ಟೇರಿಂಗ್ ಬಿಡಿಸುವ ಬೈಪಾಸ್ ಪಿನ್, ಪೈಲಟ್ ಜೊತೆಗಿನ ಹೆಡ್‌ಸೆಟ್ ಮಾತು, ಇವೆಲ್ಲ ಹುಡುಗರಿಗೆ ಹಿಡಿಯುತ್ತದೆ. ಹುಡುಗರ ತಲೆಗೆ ಹೋಗದೇ ಇದ್ದದ್ದು ಒಂದೇ. ರೆಕ್ಕೆ ಹಿಂದಕ್ಕೆ ವಾಲಿಕೊಂಡಿರುತ್ತದೆ. ಮುಂದಕ್ಕೆ ಹೋಗುತ್ತಾ ಮೂತಿ ತಿರುಗಿದರೆ ಹೊರಗಿನ ತುದಿ ಮೊದಲು ಇನ್ನಷ್ಟು ಹೊರಗೆ ಬಂದು, ಆಮೇಲೆ ಒಳಗೆ ಹೋಗುತ್ತದೆ. ಬೋರ್ಡಿನಲ್ಲಿ ಬರೆದರೆ ತಲೆಯಾಡಿಸುತ್ತಾರೆ, ನೆಲದಲ್ಲಿ ನಿಲ್ಲಿಸಿದರೆ ಮರೆಯುತ್ತಾರೆ.

ನಾನೇ ಅದರಲ್ಲಿ ಪೆಟ್ಟು ತಿಂದವನು. ಒಂದು ರಾತ್ರಿ ಹಿಂದಕ್ಕೆ ತಳ್ಳಿ, ಮತ್ತೆ ಮುಂದಕ್ಕೆ ಎಳೆಯುತ್ತಿದ್ದೆ. ವಿಂಗ್ ವಾಕರ್ ಹುಡುಗ ನೇರ ಗೆರೆ ಲೆಕ್ಕ ಹಾಕಿ ಬಾ ಬಾ ಅಂತ ಕೈಯಲ್ಲಿದ್ದ ವ್ಯಾಂಡ್ (ಸನ್ನೆಯ ಕೋಲು) ಬೀಸಿದ. ಟಕ್ ಅಂತ ಸಣ್ಣ ಶಬ್ದ, ಅಷ್ಟೇ. ನಿಂತಿದ್ದ ಊಟದ ಲಾರಿಯ ಮೂಲೆಗೆ ವಿಂಗ್‌ಲೆಟ್, ಅಂದರೆ ರೆಕ್ಕೆ ತುದಿಯಲ್ಲಿ ಮೇಲಕ್ಕೆ ಎದ್ದ ಭಾಗ, ತಾಗಿತ್ತು. ಪ್ರಯಾಣಿಕರನ್ನೆಲ್ಲ ಇಳಿಸಿದರು. ನನಗೆ ಎರಡು ತಿಂಗಳು ಗಾಡಿ ಕೊಡಲಿಲ್ಲ. ಆ ಹುಡುಗ ಕೆಲಸವನ್ನೇ ಕಳಕೊಂಡ. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ದೊಡ್ಡ ವಿಮಾನದ ಪೈಲಟ್‌ಗೆ ಕೂತಲ್ಲಿಂದ ತನ್ನದೇ ರೆಕ್ಕೆಯ ತುದಿ ಕಾಣುವುದಿಲ್ಲ. 2011ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದಲ್ಲಿ ಎ380 ಅನ್ನುವ ದೊಡ್ಡ ವಿಮಾನವೊಂದು, ನಿಂತಿದ್ದ ಸಣ್ಣ ವಿಮಾನದ ಬಾಲಕ್ಕೆ ರೆಕ್ಕೆ ಬಡಿದು ಅದನ್ನು ಬುಗುರಿ ಹಾಗೆ ತಿರುಗಿಸಿಬಿಟ್ಟಿತು. 2024ರ ಮಾರ್ಚ್‌ನಲ್ಲಿ ಕೋಲ್ಕತ್ತದಲ್ಲೂ ಎರಡು ವಿಮಾನಗಳ ರೆಕ್ಕೆ ತಾಗಿತು. ಇವೆರಡೂ ಟ್ಯಾಕ್ಸಿ ಮಾಡುವಾಗ, ಅಂದರೆ ವಿಮಾನ ತಾನಾಗಿ ನೆಲದಲ್ಲಿ ಓಡುವಾಗ ಆದದ್ದು, ಆಗ ಪಕ್ಕದಲ್ಲಿ ನಡೆಯುವವರು ಯಾರೂ ಇರುವುದಿಲ್ಲ. ನಮ್ಮ ಕೈಯಲ್ಲಿ ಇರುವಷ್ಟು ಹೊತ್ತಾದರೂ ನಾವು ಸರಿಯಾಗಿ ನೋಡಬೇಕಲ್ವಾ?

ಬೋಯಿಂಗ್ 737-800 ವಿಮಾನದ ರೆಕ್ಕೆ ತುದಿಯಿಂದ ತುದಿಗೆ 35.8 ಮೀಟರ್. ಕಲಿಸಲು ಒಂದು ಮಾದರಿ ಮಾಡೋಣ ಅಂತ ನಾನು ಅದನ್ನು ಕಾಲು ಅಳತೆಗೆ ಇಳಿಸಿದೆ, ಹತ್ತಿರ ಹತ್ತಿರ 9 ಮೀಟರ್. ಮೊದಲು ಬಿದಿರಿನಲ್ಲಿ ಕಟ್ಟಿದೆ. ಮೂರನೇ ದಿನ ತುದಿ ಜೋತು ಬಿದ್ದು ನೆಲ ಕೆರೆಯಿತು. ಆಮೇಲೆ ಜಿಐ ಪೈಪು. ಉಪ್ಪಳದ ಗುಜರಿಯಿಂದ ತಂದದ್ದು ಆರು ಸಾವಿರಕ್ಕೆ, ವೆಲ್ಡಿಂಗಿಗೆ ಮೂರೂವರೆ. ಭಾರ ಜಾಸ್ತಿಯಾಗಿ ಕೆಳಗೆ ಹಾಕಿದ್ದ ಸ್ಕೂಟರಿನ ಚಕ್ರಗಳೇ ಬಾಗಿದವು. ದುಡ್ಡು ಹೋಯಿತು. ಹೆಂಡತಿ ಒಂದು ವಾರ ಮಾತಾಡಲಿಲ್ಲ. ಕೊನೆಗೆ ನಡುವಿಗೆ ಮಾತ್ರ ಪೈಪು, ರೆಕ್ಕೆಗೆ ಹಳೇ ಅಡಿಕೆ ಮರದ ಸಲಕೆ (ಸೀಳಿದ ಪಟ್ಟಿ). ಒಣಗಿದ ಸಲಕೆ ಹಗುರ, ಬಾಗುವುದೂ ಇಲ್ಲ. ಮೂತಿಗೆ ಸೈಕಲ್ ಫೋರ್ಕು, ಎಳೆಯಲು ನನ್ನ ಹಳೇ ಜೀಪು. ಒಟ್ಟು ಹದಿನೆಂಟು ಸಾವಿರದ ಹತ್ತಿರ ಆಗಿರಬೇಕು.

ಇನ್ನು ಸುಣ್ಣ. ತೂತು ಮಾಡಿದ ತೆಂಗಿನ ಗೆರಟೆಯಲ್ಲಿ ಸುಣ್ಣದ ಪುಡಿ ತುಂಬಿ ರೆಕ್ಕೆ ತುದಿಗೆ ನೇತು ಹಾಕಿದೆ. ತುದಿ ಹೋದ ದಾರಿಯಲ್ಲೆಲ್ಲ ಕೆಂಪು ಕಲ್ಲಿನ ಮೇಲೆ ಬಿಳಿ ಗೆರೆ. ನೇರಕ್ಕೆ ಒಂದು ಹಗ್ಗ ಕಟ್ಟಿ ತಿರುಗಿಸಿದರೆ, ಗೆರೆ ಹಗ್ಗವನ್ನು ದಾಟಿ ನಾಲ್ಕು ಬೆರಳು ಹೊರಗೆ ಹೋಗುತ್ತದೆ. ನಿಜವಾದ ವಿಮಾನದಲ್ಲಿ ಅದು ಒಂದು ಅಡಿಗೂ ಜಾಸ್ತಿ. ಮೊದಲ ಸಲ ನೋಡಿದಾಗ ಹುಡುಗರು ಕುಕ್ಕರಗಾಲಿನಲ್ಲಿ ಕೂತು ಬೆರಳಿಟ್ಟು ಅಳೆದರು. ಆವತ್ತೇ ನನಗೆ ಗೊತ್ತಾಯಿತು, ಇದು ಹಿಡಿಯಿತು ಅಂತ.

ಮಧ್ಯಾಹ್ನದ ಮೇಲೆ ಮಾಡಬೇಡಿ. ಪಡುಗಾಳಿಗೆ ಪುಡಿ ಹಾರಿ ಗೆರೆಯೇ ಸುಳ್ಳಾಗುತ್ತದೆ. ಅಕ್ಕಿ ಹಿಟ್ಟೂ ನೋಡಿದೆ. ಚೆನ್ನಾಗಿ ಬೀಳುತ್ತದೆ, ಆದರೆ ಅರ್ಧ ಗಂಟೆಗೆ ಇರುವೆ. ಗೆರಟೆ ತೂಗಾಡದ ಹಾಗೆ ಕಟ್ಟುವುದಕ್ಕೆ ಒಂದು ಉಪಾಯ ಇದೆ, ಅದನ್ನು ಬಂದವರಿಗೆ ಮಾತ್ರ ತೋರಿಸುತ್ತೇನೆ. ನಿಜವಾದ ಟೋ ಬಾರಿನಲ್ಲಿ ಎಳೆತ ಅತಿಯಾದರೆ ಮೊದಲು ಮುರಿಯುವ ಶಿಯರ್ ಪಿನ್ ಇರುತ್ತದೆ, ಅದರ ಬದಲು ಹಿಡಿಸೂಡಿ ಕಡ್ಡಿ ಹಾಕಿದ್ದೇನೆ. ಸ್ಟೇರಿಂಗ್ ಅತಿಯಾಗಿ ತಿರುಗಿಸಿದರೆ ಲಟ್ಟನೆ ಮುರಿಯುತ್ತದೆ. ಎಷ್ಟು ಕಡ್ಡಿ ಅನ್ನುವುದೂ ಸದ್ಯ ನನ್ನ ಹತ್ತಿರವೇ ಇರಲಿ.

ಇದುವರೆಗೆ ಹದಿನಾಲ್ಕು ಹುಡುಗರು ಕಲಿತರು, ಹತ್ತೋ ಹನ್ನೊಂದೋ ಮಂದಿ ಕೆಲಸದಲ್ಲಿದ್ದಾರೆ. ಕಳೆದ ತಿಂಗಳು ಒಬ್ಬ ಫೋನ್ ಮಾಡಿದ. "ಅಣ್ಣಾ, ಇವತ್ತು ನಿಲ್ಲಿಸಿ ಅಂತ ವ್ಯಾಂಡ್ ಅಡ್ಡ ಹಿಡಿದೆ. ಯಾರೋ ಏಣಿಗಾಡಿ ಬಿಟ್ಟು ಹೋಗಿದ್ದರು. ಹಗ್ಗದ ಲೆಕ್ಕದಲ್ಲಿ ದಾಟುತ್ತಿತ್ತು, ಗೆರೆ ಲೆಕ್ಕದಲ್ಲಿ ತಾಗುತ್ತಿತ್ತು" ಅಂದ.

ಮುಂದಿನ ಮಾದರಿ ಇನ್ನೂ ದೊಡ್ಡ ವಿಮಾನದ್ದು, ಬೋಯಿಂಗ್ 777-300ಇಆರ್. ರೆಕ್ಕೆ 64.8 ಮೀಟರ್, ಕಾಲು ಅಳತೆಗೂ 16 ಮೀಟರ್ ದಾಟುತ್ತದೆ. ಪದವಿನ ಬಡಗು ಮೂಲೆಯಲ್ಲಿ ಅಷ್ಟು ಸಮ ಜಾಗ ಸಿಕ್ಕಿದೆ. ಸಲಕೆ ಸೀಳಿ ಒಣಗಲು ಹಾಕಿದ್ದೇನೆ.