‘ನಂಗೆ ಗೋಧಿ ಆಗಲ್ಲ’ ಅಂತ ಮನೆಯವರು ಅಂದಾಗ

ಕಳೆದ ವರ್ಷ ಯುಗಾದಿ ಕಳೆದು ಒಂದು ವಾರ ಆಗಿತ್ತು. ರಾತ್ರಿ ಊಟಕ್ಕೆ ಕೂತ ನಮ್ಮ ಯಜಮಾನರು ತಟ್ಟೆಯಲ್ಲಿದ್ದ ಚಪಾತಿಯನ್ನು ಪಕ್ಕಕ್ಕೆ ಸರಿಸಿದರು. ‘ಇನ್ಮೇಲೆ ನಂಗೆ ಗೋಧಿ ಬೇಡ ಕಣೇ. ಗ್ಲುಟೆನ್ ಆಗ್ತಿಲ್ಲ’ ಅಂದರು. ಪಾಂಡವಪುರದ ಹತ್ತಿರದ ಹಳ್ಳಿಯಲ್ಲಿ ಮುದ್ದೆ, ಉಪ್ಸಾರು ಉಂಡು ಬೆಳೆದವರು. ಗ್ಲುಟೆನ್ ಅನ್ನುವ ಪದ ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ‘ಯಾರು ಹೇಳಿದ್ರು ರೀ?’ ಅಂದೆ. ಡಾಕ್ಟರ್ ಅಲ್ಲ, ಫೋನಿಗೆ ಬಂದ ಒಂದು ವಿಡಿಯೊ.

ಹಬ್ಬದ ದಿನ ನಾಲ್ಕು ಒಬ್ಬಟ್ಟು ತಿಂದಿದ್ದರು. ಒಬ್ಬಟ್ಟಿನ ಕಣಕ ಮೈದಾದ್ದು, ಮೈದಾ ಗೋಧಿಯದ್ದು. ಇದನ್ನು ಆಗಲೇ ಹೇಳಿಬಿಟ್ಟೆ. ತಪ್ಪು ಮಾಡಿದೆ. ಮುಂದಿನ ಎಂಟು ತಿಂಗಳು ನಮ್ಮ ಕುವೆಂಪುನಗರದ ಮನೆಯಲ್ಲಿ ಏನೇನು ಆಯಿತು, ಮೊದಲೇ ಗೊತ್ತಿದ್ದರೆ ಏನು ಮಾಡಬಹುದಿತ್ತು ಅನ್ನುವುದನ್ನು ಹೇಳುತ್ತೇನೆ. ಇಂಥ ಮನೆಗಳು ಈಗ ಬೀದಿಗೆ ಎರಡಿವೆ.

ಮೊದಲು: ಇದು ಅಲರ್ಜಿನಾ?

ಅಲರ್ಜಿ ಬೇರೆ, ಹೊಟ್ಟೆಗೆ ಆಗದಿರುವುದು ಬೇರೆ. ತಿಂದ ಕೆಲವು ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ದದ್ದು ಎದ್ದರೆ, ತುಟಿ ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ ಅದು ಅಲರ್ಜಿ ಇರಬಹುದು. ಕಡಲೆಕಾಯಿ, ಸೀಗಡಿ, ಮೊಟ್ಟೆ, ಹಾಲು, ಗೋಧಿ ಯಾವುದರಿಂದಲೂ ಬರಬಹುದು. ಒಂದೇ ಸಲ ಹಾಗಾಗಿದ್ದರೂ ಈ ಲೇಖನದ ಯಾವ ಪ್ರಯೋಗವನ್ನೂ ಮನೆಯಲ್ಲಿ ಮಾಡಬೇಡಿ. ಚೂರು ತಿಂದು ನೋಡೋಣ ಅನ್ನುವುದೂ ಬೇಡ. ಸೀದಾ ಡಾಕ್ಟರ ಹತ್ತಿರ ಹೋಗಿ.

ಇನ್ನೂ ಕೆಲವು ಇವೆ. ತೂಕ ತಾನಾಗಿ ಇಳಿಯುವುದು, ಮಲದಲ್ಲಿ ರಕ್ತ, ಕಾರಣ ಗೊತ್ತಾಗದ ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ. ನಲವತ್ತೈದು ದಾಟಿದ ಮೇಲೆ ಹೊಸದಾಗಿ ಶುರುವಾದ ಹೊಟ್ಟೆಯ ತೊಂದರೆಯನ್ನೂ ಇದಕ್ಕೆ ಸೇರಿಸಿಕೊಳ್ಳಿ. ಇವಿದ್ದರೆ ಗೋಧಿಯಾ ಹಾಲಾ ಅಂತ ಚರ್ಚೆ ಮಾಡುತ್ತಾ ಕೂರಬೇಡಿ. ನಮ್ಮವರಿಗೆ ನಲವತ್ತೆಂಟು. ಆದರೂ ನಾಲ್ಕು ತಿಂಗಳು ಮನೆಯಲ್ಲೇ ವಾದ ಮಾಡಿ ಕಳೆದೆವು.

ನೋವು ಸುಳ್ಳಲ್ಲ

ಅನುಮಾನ ಬರುವುದು ಸಹಜ. ಯಾಕೆ ಬರಬಾರದು? ‘ಗೋಧಿ ಮುಟ್ಟಲ್ಲ’ ಅನ್ನುತ್ತಿದ್ದ ಮನುಷ್ಯ ಬೆಂಗಳೂರಿನ ರೈಲಿನಲ್ಲಿ ಕಾಗದದಲ್ಲಿ ಸುತ್ತಿದ ಮದ್ದೂರು ವಡೆ ಎರಡು ತಿಂದು ಕೈ ಒರೆಸಿಕೊಂಡರು. ಮದ್ದೂರು ವಡೆಗೆ ಏನು ಹಾಕ್ತಾರೆ? ಮೈದಾ, ಚಿರೋಟಿ ರವೆ, ಅಕ್ಕಿಹಿಟ್ಟು, ಈರುಳ್ಳಿ. ಮೊದಲ ಎರಡೂ ಗೋಧಿಯೇ. ಚನ್ನಪಟ್ಟಣ ಬಂತು, ರಾಮನಗರ ಬಂತು, ಹೊಟ್ಟೆ ಸುಮ್ಮನಿತ್ತು. ನಾನೂ ಸುಮ್ಮನಿದ್ದೆ, ಆದರೆ ಮನಸ್ಸಿನಲ್ಲಿ ಲೆಕ್ಕ ಬರೆದುಕೊಂಡೆ.

ಅದೇ ವಾರ ಒಂದು ರಾತ್ರಿ ಹನ್ನೊಂದು ಗಂಟೆಗೆ ಎದ್ದು ನೋಡಿದರೆ ಅವರು ನಡುಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಅತ್ತಿಂದಿತ್ತ ನಡೆಯುತ್ತಿದ್ದರು. ನಾಟಕ ಮಾಡುವವರು ದೀಪ ಹಾಕದೆ ಕತ್ತಲಲ್ಲಿ ಮಾಡುವುದಿಲ್ಲ, ಅಲ್ವಾ? ಹೊಟ್ಟೆನೋವು ನಿಜ. ಅದಕ್ಕೆ ಅವರು ಹಚ್ಚಿದ ಕಾರಣ ಮಾತ್ರ ತಪ್ಪಿರಬಹುದು. ಇವೆರಡನ್ನೂ ಬೇರೆ ಮಾಡದೆ ‘ನಿಮಗೇನೂ ಇಲ್ಲ, ಎಲ್ಲಾ ತಲೆಯಲ್ಲಿ’ ಅಂದಿರೋ, ಅಲ್ಲಿಂದಾಚೆಗೆ ಅವರು ನಿಮಗೆ ಏನನ್ನೂ ಸರಿಯಾಗಿ ಹೇಳುವುದಿಲ್ಲ.

ಹೇಳುವ ಮಾತು ಹೀಗಿರಲಿ: ‘ನೋವು ಬರ್ತಿದೆ, ಸರಿ. ಯಾವುದರಿಂದ ಅಂತ ಇಬ್ಬರೂ ಸೇರಿ ಹುಡುಕೋಣ.’ ಇದನ್ನು ಮನೆಯಲ್ಲಿ ಹೇಳಿ. ಮದುವೆ ಊಟದ ಪಂಕ್ತಿಯಲ್ಲಿ, ಅವರು ಪೂರಿ ಬೇಡ ಅಂದಾಗ ಪಕ್ಕದವರಿಗೆ ಕೇಳುವಂತೆ ಬೇಡ. ಅದನ್ನೂ ನಾನು ಮಾಡಿದ್ದೇನೆ.

ಕಳ್ಳ ಪರೀಕ್ಷೆ ಬೇಡ

ಇದು ನನ್ನ ದೊಡ್ಡ ತಪ್ಪು. ಒಂದು ಬೆಳಿಗ್ಗೆ ರಾಗಿರೊಟ್ಟಿಯ ಹಿಟ್ಟಿಗೆ ಎರಡು ಹಿಡಿ ಗೋಧಿಹಿಟ್ಟು ಸೇರಿಸಿ ತಟ್ಟಿದೆ. ಏನೂ ಆಗದಿದ್ದರೆ ಸಂಜೆ ಹೇಳಿ ಗೆಲ್ಲುವ ಯೋಚನೆ. ಅವರು ಮೊದಲ ತುಂಡು ಮುರಿಯಲು ಹೋದರು. ರಾಗಿರೊಟ್ಟಿ ಪಟ್ ಅಂತ ಮುರಿಯಬೇಕು. ಇದು ಬಾಗಿತು, ಎಳೆದರೆ ಸ್ವಲ್ಪ ಹಿಗ್ಗಿತು. ‘ಇದಕ್ಕೇನೇ ಹಾಕಿದ್ದೀಯಾ?’ ಅಂದರು.

ಹಾಗೆ ಹಿಗ್ಗಿಸುವುದೇ ಗ್ಲುಟೆನ್. ಗೋಧಿಹಿಟ್ಟಿಗೆ ನೀರು ಹಾಕಿ ನಾದಿದಾಗ ಅದರ ಪ್ರೋಟೀನುಗಳು ಹೆಣೆದುಕೊಂಡು ರಬ್ಬರಿನಂತೆ ಆಗುತ್ತವೆ. ಚಪಾತಿ ಲಟ್ಟಿಸಲು ಬರುವುದು ಅದರಿಂದಲೇ. ರಾಗಿಯಲ್ಲಿ, ಅಕ್ಕಿಯಲ್ಲಿ, ಜೋಳದಲ್ಲಿ ಅದು ಇಲ್ಲ. ಅಂತೂ ಗ್ಲುಟೆನ್ನೇ ನನ್ನನ್ನು ಹಿಡಿದುಕೊಟ್ಟಿತು. ಎರಡು ದಿನ ಮಾತಿಲ್ಲ. ನಾನು ಮಾಡಿದ ಅಡುಗೆಯನ್ನು ಅವರು ಮೂಸಿ ನೋಡಿ ತಿನ್ನುವುದು ಇನ್ನೂ ಎರಡು ವಾರ ನಡೆಯಿತು.

ನಂಬಿಕೆ ಹೋಗುವುದು ಒಂದು ಕಡೆ. ಒಳಗೊಳಗೇ ನಿಜವಾದ ಅಲರ್ಜಿ ಇದ್ದರೆ ಇದು ಪ್ರಾಣಕ್ಕೇ ಅಪಾಯ. ಮತ್ತೆ ಒಂದು ಸಲದ ಫಲಿತಾಂಶ ಏನನ್ನೂ ಸಾಬೀತು ಮಾಡುವುದಿಲ್ಲ. ಪರೀಕ್ಷೆ ಮಾಡಬೇಕು, ಆದರೆ ಅವರ ಒಪ್ಪಿಗೆಯ ಮೇಲೆ.

ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ

ಗ್ಲುಟೆನ್‌ನಿಂದ ಬರುವ ನಿಜವಾದ ಕಾಯಿಲೆಯೊಂದಿದೆ, ಸೀಲಿಯಾಕ್ ಅಂತ. ಗ್ಲುಟೆನ್ ಒಳಹೋದಾಗ ದೇಹ ತನ್ನದೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡಿಕೊಳ್ಳುತ್ತದೆ. ದಿನಾ ಗೋಧಿ ತಿನ್ನುವ ಉತ್ತರ ಭಾರತದಲ್ಲಿ ಜಾಸ್ತಿ, ನಮ್ಮ ಕಡೆ ಕಡಿಮೆ. ಕಡಿಮೆ ಅಂದರೆ ಇಲ್ಲ ಅಂತಲ್ಲ. ಟಿಟಿಜಿ-ಐಜಿಎ ಅನ್ನುವ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ. ಬೇಕಾದರೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ.

ಎಡವುವುದು ಎಲ್ಲಿ ಅಂದರೆ, ಈ ಪರೀಕ್ಷೆ ಸರಿಯಾಗಿ ಹೇಳಬೇಕಾದರೆ ಗೋಧಿ ತಿನ್ನುತ್ತಿರಬೇಕು. ಬಿಟ್ಟು ತಿಂಗಳುಗಟ್ಟಲೆ ಆಗಿದ್ದರೆ ಕಾಯಿಲೆ ಇದ್ದರೂ ರಿಪೋರ್ಟ್ ನಾರ್ಮಲ್ ಬರಬಹುದು. ನಮ್ಮವರು ಬಿಟ್ಟು ನಾಲ್ಕು ತಿಂಗಳಾಗಿತ್ತು (ಮದ್ದೂರು ವಡೆ ಲೆಕ್ಕಕ್ಕಿಲ್ಲದಿದ್ದರೆ). ಡಾಕ್ಟರು ‘ಆರು ವಾರ ದಿನಾ ಗೋಧಿ ತಿಂದು ಆಮೇಲೆ ಬನ್ನಿ’ ಅಂದರು. ನಮ್ಮವರ ಮುಖ ನೋಡಬೇಕಿತ್ತು. ತಿಂದರು, ಪರೀಕ್ಷೆ ಆಯಿತು, ಸೀಲಿಯಾಕ್ ಇರಲಿಲ್ಲ.

ಅಷ್ಟರೊಳಗೆ ಮನೆಗೆ ಇನ್ನೊಂದು ರಿಪೋರ್ಟೂ ಬಂದಿತ್ತು. ಒಂದು ಹನಿ ರಕ್ತದಲ್ಲಿ ನೂರಾರು ಆಹಾರ ಪರೀಕ್ಷಿಸಿ ಕೊಡುತ್ತೇವೆ ಅನ್ನುವ ಜಾಹೀರಾತು ನೋಡಿ, ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ್ದು. ಬಣ್ಣಬಣ್ಣದ ಹಾಳೆ. ಕೆಂಪು ಪಟ್ಟಿಯಲ್ಲಿ ಗೋಧಿ, ಹಾಲು, ತೊಗರಿಬೇಳೆ, ತೆಂಗಿನಕಾಯಿ. ಅಂದರೆ ನಾವು ದಿನಾ ತಿನ್ನುವುದೆಲ್ಲ. ಆವಕಾಡೊ ಹಸಿರಿನಲ್ಲಿತ್ತು, ಅದನ್ನು ಅವರು ಜನ್ಮದಲ್ಲಿ ತಿಂದಿಲ್ಲ. ಇದರಲ್ಲಿ ಆಶ್ಚರ್ಯ ಏನಿಲ್ಲ. ಆ ಪರೀಕ್ಷೆ ಅಳೆಯುವುದು ರಕ್ತದಲ್ಲಿರುವ ಐಜಿಜಿ ಅನ್ನುವ ಪ್ರತಿಕಾಯವನ್ನು (ಆ್ಯಂಟಿಬಾಡಿ). ಅದು ಹೆಚ್ಚಿದ್ದರೆ ಆ ಆಹಾರದ ಪರಿಚಯ ದೇಹಕ್ಕೆ ಇದೆ ಅಂತಷ್ಟೇ ಅರ್ಥ. ಇದನ್ನು ರೋಗ ಪತ್ತೆಗೆ ಬಳಸಬಾರದು ಅಂತ ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಹೇಳಿದೆ. ಆ ದುಡ್ಡು ಉಳಿಸಿ.

ಗೋಡೆ ಕ್ಯಾಲೆಂಡರಿನಲ್ಲಿ ಎರಡು ವಾರ

ಆ್ಯಪ್ ಬೇಕಿಲ್ಲ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ದೊಡ್ಡ ಚೌಕದ ಕ್ಯಾಲೆಂಡರ್ ಸಾಕು. ಮೂರು ವಿಷಯ ಬರೆಯಿರಿ: ಏನು ತಿಂದರು ಕುಡಿದರು, ಎಷ್ಟು ಹೊತ್ತಿಗೆ, ಹೊಟ್ಟೆ ಹೇಗಿತ್ತು. ಹೊಟ್ಟೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಲಿ, ಸೊನ್ನೆ ಅಂದರೆ ತೊಂದರೆಯೇ ಇಲ್ಲ. ‘ಗ್ಯಾಸ್ಟ್ರಿಕ್’ ಅಂತ ಬರೆಯಬೇಡಿ. ನಮ್ಮ ಕಡೆ ಎದೆ ಉರಿಯಿಂದ ಬೆನ್ನುನೋವಿನವರೆಗೆ ಎಲ್ಲಕ್ಕೂ ಅದೊಂದೇ ಹೆಸರು. ಉಬ್ಬರವಾ, ನುಲಿಯುತ್ತಾ, ಭೇದಿಯಾ ಅಂತ ಬಿಡಿಸಿ ಬರೆಯಿರಿ. ಬರೆಯುವವರು ಅವರೇ ಆಗಿರಲಿ. ನೀವು ಬರೆದರೆ ಅದು ಆರೋಪಪಟ್ಟಿ ಆಗುತ್ತದೆ.

ಕುಡಿದದ್ದನ್ನೂ ಬರೆಯಿರಿ ಅಂದೆನಲ್ಲ, ನಮಗೆ ದಾರಿ ಸಿಕ್ಕಿದ್ದು ಅಲ್ಲೇ. ಭಾನುವಾರ ಬೆಳಿಗ್ಗೆ ಪೂರಿ ತಿಂದ ಚೌಕದಲ್ಲಿ ಸೊನ್ನೆ. ಒಂದು ರಾತ್ರಿ ಬರೀ ಅನ್ನ ಸಾರು, ಚಪಾತಿ ಇಲ್ಲ, ಅಂಕ ಆರು. ಹನ್ನೊಂದನೇ ದಿನ ರಾತ್ರಿ ಮೂರು ಚಪಾತಿ, ಪಕ್ಕದಲ್ಲಿ ‘ಹಾಲು ಒಡೆದಿತ್ತು’, ಅಂಕ ಒಂದು.

ಹಾಲು! ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆಯ ಭಯಕ್ಕೆ ರಾತ್ರಿ ಅನ್ನ ಬಿಟ್ಟು ಚಪಾತಿ ಶುರು ಮಾಡಿದ್ದರು. ಹೊಟ್ಟೆ ತುಂಬಲ್ಲ ಅಂತ ಅದೇ ವಾರದಿಂದ ಮಲಗುವ ಮೊದಲು ಒಂದು ದೊಡ್ಡ ಲೋಟ ಹಾಲು. ಚಪಾತಿ ಹೊಸದು ಅಂತ ನೆನಪಿತ್ತು. ಹಾಲು ಹುಟ್ಟಿದಾಗಿನಿಂದ ಇದೆಯಲ್ಲ, ಅದರ ಮೇಲೆ ಯಾರಿಗೆ ಅನುಮಾನ?

ಲೋಟ ಅಳೆದೆ, 350 ಮಿಲಿ. ಹಾಲಿನಲ್ಲಿರುವ ಸಕ್ಕರೆಗೆ ಲ್ಯಾಕ್ಟೋಸ್ ಅಂತಾರೆ. ಅದನ್ನು ಒಡೆಯುವ ಕಿಣ್ವ ಲ್ಯಾಕ್ಟೇಸ್. ಪ್ರಪಂಚದ ಸುಮಾರು ಮೂರನೇ ಎರಡು ಪಾಲು ಜನರಿಗೆ ಬಾಲ್ಯ ಕಳೆದ ಮೇಲೆ ಇದು ಕಡಿಮೆಯಾಗುತ್ತಾ ಬರುತ್ತದೆ. ದಕ್ಷಿಣ ಭಾರತದಲ್ಲಿ ಉತ್ತರಕ್ಕಿಂತ ಜಾಸ್ತಿ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬೀಳುತ್ತದೆ, ಗ್ಯಾಸ್ ಆಗುತ್ತದೆ. ಇಂಥವರಲ್ಲೂ ತುಂಬಾ ಜನ ಒಂದು ಸಲಕ್ಕೆ 12 ಗ್ರಾಂವರೆಗೆ ತಡೆದುಕೊಳ್ಳುತ್ತಾರೆ. ಅದು ಸುಮಾರು 250 ಮಿಲಿ ಹಾಲು. ನಮ್ಮವರ ಲೋಟದಲ್ಲಿ 17 ಗ್ರಾಂ ಹತ್ತಿರ ಇತ್ತು. ಬೆಳಗಿನ ಫಿಲ್ಟರ್ ಕಾಫಿಯಲ್ಲಿ ನಾಲ್ಕೈದು ಗ್ರಾಂ, ಅದಕ್ಕೇ ತಕರಾರಿಲ್ಲ. ಮೊಸರಿನಲ್ಲಿ ಸ್ವಲ್ಪ ಭಾಗವನ್ನು ಹೆಪ್ಪಿನ ಬ್ಯಾಕ್ಟೀರಿಯಾಗಳೇ ಮುಗಿಸಿರುತ್ತವೆ. ತುಪ್ಪದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು.

ಹಾಗಾದರೆ ಗೋಧಿ ಬಿಟ್ಟ ಮೊದಲ ಹತ್ತು ದಿನ ಅವರಿಗೆ ಹೊಟ್ಟೆ ಹಗುರ ಅನ್ನಿಸಿತ್ತಲ್ಲ, ಅದು? ಅದೂ ಸುಳ್ಳಲ್ಲ. ಚಪಾತಿ ಹೋದಾಗ ಜೊತೆಗಿನ ಈರುಳ್ಳಿ ಬೆಳ್ಳುಳ್ಳಿ ಕುರ್ಮಾ ಹೋಯಿತು, ಸಂಜೆಯ ಬೇಕರಿ ಪಫ್ ಹೋಯಿತು. ಗೋಧಿ, ಈರುಳ್ಳಿ, ಬೆಳ್ಳುಳ್ಳಿ ಮೂರರಲ್ಲೂ ಫ್ರಕ್ಟಾನ್ ಅನ್ನುವ ಒಂದು ಕಾರ್ಬೋಹೈಡ್ರೇಟ್ ಇದೆ. ಅದೂ ಗ್ಯಾಸ್ ಮಾಡುತ್ತದೆ. ಗ್ಲುಟೆನ್ ಆಗಲ್ಲ ಅನ್ನುತ್ತಿದ್ದ, ಸೀಲಿಯಾಕ್ ಇಲ್ಲದ 59 ಜನರಿಗೆ ಗುಟ್ಟಾಗಿ ಬೇರೆಬೇರೆ ಬಾರ್ (ಚಿಕ್ಕಿಯಂಥ ತಿಂಡಿ) ಕೊಟ್ಟು ನೋಡಿದ ನಾರ್ವೆಯ ಅಧ್ಯಯನ 2018ರಲ್ಲಿ ಬಂತು. ಗ್ಲುಟೆನ್ ಇದ್ದ ಬಾರ್‌ಗಿಂತ ಫ್ರಕ್ಟಾನ್ ಇದ್ದದ್ದೇ ಹೆಚ್ಚು ತೊಂದರೆ ಕೊಟ್ಟಿತ್ತು.

ಒಂದನ್ನೇ ಬಿಡಿ, ಮತ್ತೆ ತನ್ನಿ

ಅನುಮಾನ ಇರುವ ಒಂದನ್ನು ಮಾತ್ರ ಎರಡು ಮೂರು ವಾರ ಬಿಡಿ. ಬೇರೇನೂ ಬದಲಿಸಬೇಡಿ. ಆಮೇಲೆ ಮತ್ತೆ ಕೊಟ್ಟು ನೋಡಿ. ಎಲ್ಲರೂ ಬಿಡುತ್ತಾರೆ, ಮರಳಿ ತಂದು ನೋಡುವವರು ಕಡಿಮೆ. ಅದಕ್ಕೇ ಬೇಡದವುಗಳ ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

ಮರಳಿ ತರುವಾಗ ಗುಟ್ಟಾಗಿ ತಂದರೆ ಒಳ್ಳೆಯದು. ಈ ಸಲ ಅವರ ಒಪ್ಪಿಗೆ ಇರುವ ಗುಟ್ಟು. ಇದರಿಂದ ತೊಂದರೆ ಆಗುತ್ತೆ ಅಂತ ಗಟ್ಟಿಯಾಗಿ ನಂಬಿದ್ದರೆ ಬರೀ ನಂಬಿಕೆಗೂ ಹೊಟ್ಟೆ ನುಲಿಯಬಲ್ಲದು. ಅಂಗಡಿಯಲ್ಲಿ ಲ್ಯಾಕ್ಟೋಸ್ ಇಲ್ಲದ ಹಾಲು ಸಿಗುತ್ತದೆ. ಪಿಯುಸಿ ಓದುವ ಮಗಳಿಗೆ ಉಸ್ತುವಾರಿ ಕೊಟ್ಟೆವು. ಡಿಸೆಂಬರಿನಲ್ಲಿ ಆರು ರಾತ್ರಿ. ಮೂರು ದಿನ ಮಾಮೂಲಿ ಹಾಲು, ಮೂರು ದಿನ ಆ ಹಾಲು, ಯಾವತ್ತು ಯಾವುದು ಅಂತ ಅವಳಿಗೆ ಮಾತ್ರ ಗೊತ್ತು. ಲ್ಯಾಕ್ಟೋಸ್ ಒಡೆದ ಹಾಲು ಸ್ವಲ್ಪ ಸಿಹಿ ಇರುತ್ತದೆ. ಅದಕ್ಕೆ ಮಾಮೂಲಿ ಹಾಲಿಗೆ ಮುಕ್ಕಾಲು ಚಮಚ ಸಕ್ಕರೆ, ಎರಡಕ್ಕೂ ಏಲಕ್ಕಿ. ನನಗೂ ಹೇಳಲಿಲ್ಲ ಹುಡುಗಿ. ನನ್ನ ಮುಖ ನೋಡಿದರೆ ಅವರಿಗೆ ಗೊತ್ತಾಗಿಬಿಡುತ್ತೆ ಅಂತ.

ಏಳನೇ ದಿನ ಅವಳು ನೋಟ್‌ಬುಕ್ ತೆರೆದಳು. ಮಾಮೂಲಿ ಹಾಲಿನ ರಾತ್ರಿಗಳು: ಏಳು, ಆರು, ಎಂಟು. ಇನ್ನೊಂದು: ಒಂದು, ಎರಡು, ಆರು. ಆ ಕೊನೆಯ ಆರು ಬಂದ ರಾತ್ರಿ ಮನೆಯಲ್ಲಿ ಹಿತಕಿದವರೆ ಸಾರು ಮುದ್ದೆ. ಅವರೆಕಾಳಿಗೆ ಯಾರ ಹೊಟ್ಟೆ ಉಬ್ಬಲ್ಲ? ಆರು ರಾತ್ರಿಯ ಲೆಕ್ಕ ಲ್ಯಾಬಿನ ಲೆಕ್ಕ ಅಲ್ಲ ಅಂತ ಗೊತ್ತು. ಇನ್ನೂ ಖಚಿತವಾಗಬೇಕು ಅಂದರೆ ಉಸಿರಿನಲ್ಲಿ ಹೈಡ್ರೋಜನ್ ಅಳೆಯುವ ಪರೀಕ್ಷೆ ಇದೆ, ಡಾಕ್ಟರನ್ನು ಕೇಳಿ. ನಮಗೆ ಇಷ್ಟು ಸಾಕಾಯಿತು.

ಅಕಸ್ಮಾತ್ ಅವರದೇ ಸರಿ ಅಂತಾದರೆ? ಸೀಲಿಯಾಕ್ ಅಂತ ಡಾಕ್ಟರ್ ಹೇಳಿದರೆ ಅರ್ಧಂಬರ್ಧ ಪಥ್ಯ ನಡೆಯುವುದಿಲ್ಲ. ಚಪಾತಿ ಹಂಚಿನಲ್ಲಿ ಅವರ ರೊಟ್ಟಿ ಸುಡುವಂತಿಲ್ಲ. ಇಂಗಿನ ಡಬ್ಬಿಯ ಹಿಂದೆ ಓದಿ, ಪುಡಿ ಇಂಗಿಗೆ ಗೋಧಿಹಿಟ್ಟು ಬೆರೆಸುವುದು ಮಾಮೂಲಿ. ಅಂದರೆ ಸಾರಿನ ಒಗ್ಗರಣೆಯೂ ಲೆಕ್ಕಕ್ಕೆ ಬರುತ್ತದೆ. ಆಗ ಅನುಮಾನ ಪಕ್ಕಕ್ಕಿಟ್ಟು ಅವರ ಪರ ನಿಲ್ಲಿ, ನೆಂಟರ ಮನೆಯಲ್ಲೂ.

ನಮ್ಮ ಮನೆಯಲ್ಲಿ ಚಪಾತಿ ವಾಪಸ್ ಬಂದಿದೆ. ‘ಗೋಧಿದೂ ಸ್ವಲ್ಪ ಇದೆ’ ಅಂತ ಅವರು ಈಗಲೂ ಹೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಸಂಕ್ರಾಂತಿಗೆ ಊರಿಗೆ ಹೋಗಿದ್ದೆವು. ದನಗಳನ್ನು ಕಿಚ್ಚು ಹಾಯಿಸಿ ಬಂದು, ಊಟ ಆಗಿ, ನಮ್ಮತ್ತೆ ಹಿತ್ತಾಳೆ ಲೋಟದಲ್ಲಿ ಮನೆ ಹಸುವಿನ ಹಾಲು ತಂದರು. ಇವರು ‘ಬ್ಯಾಡ ಕಣವ್ವ, ಮೊಸರು ಕೊಡು’ ಅಂದರು. ಅತ್ತೆ ಲೋಟ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ‘ಹೋದ್ಸಲ ಬಂದಾಗ ಚಪಾತಿ ಬಿಡಿಸಿದ್ದೆ. ಈಗ ಹಾಲೂ ಬಿಡಿಸ್ದಾ ತಾಯಿ?’