ನಿಲ್ಲಿಸಿ, ಮಂಡಿ ಬಗ್ಗಿಸಿ ತೆಗೆದ ಎಕ್ಸ್‌ರೇ: ನನ್ನ ಅನುಭವ

ರೋಸೆನ್‌ಬರ್ಗ್ ವ್ಯೂ, ಅಂದರೆ ಪೇಷಂಟನ್ನು ನಿಲ್ಲಿಸಿ ಮಂಡಿ ಬಗ್ಗಿಸಿ ತೆಗೆಯುವ ಎಕ್ಸ್‌ರೇ, ನಮ್ಮಂಥ ಸಣ್ಣ ಎಕ್ಸ್‌ರೇ ಸೆಂಟರ್‌ನಲ್ಲಿ ಆಗಲ್ಲ ಅಂತ ಎಲ್ಲರೂ ಹೇಳಿದ್ದರು. ಮಾಲೀಕರಿಗೆ ಫಿಲ್ಮ್ ಖರ್ಚಿನ ಚಿಂತೆ. ಮೂಳೆ ಡಾಕ್ಟರು "ಸ್ಟ್ಯಾಂಡಿಂಗ್ ಎಪಿ ಕೊಡಿ, ಸಾಕು" ಅನ್ನುತ್ತಿದ್ದರು, ಅಂದರೆ ನೇರ ನಿಲ್ಲಿಸಿ ಮುಂದಿನಿಂದ ಕಿರಣ ಬಿಟ್ಟು ತೆಗೆದದ್ದು. ಈಗ ಅವರೇ ರೋಸೆನ್‌ಬರ್ಗ್ ಬೇಕು ಅಂತ ಚೀಟಿಯಲ್ಲಿ ಬರೆದು ಕಳಿಸುತ್ತಾರೆ.

ವಿಧಾನ 1988ರಲ್ಲೇ ಬಂದದ್ದು. 45 ಡಿಗ್ರಿ ಬಗ್ಗಿದ ಮಂಡಿ, ಪಿಎ (ಕಿರಣ ಹಿಂದಿನಿಂದ ಮುಂದಕ್ಕೆ), ಕಿರಣ ಬಿಡುವ ಟ್ಯೂಬ್ 10 ಡಿಗ್ರಿ ಕೆಳಕ್ಕೆ. ನಮ್ಮ ತೊಂದರೆಯೇ ಬೇರೆ: ಎದೆಯ ಎಕ್ಸ್‌ರೇಗೆ ಫಿಲ್ಮ್ ಹಿಡಿಯುವ ಚೆಸ್ಟ್ ಸ್ಟ್ಯಾಂಡ್ ಮಂಡಿಯ ಮಟ್ಟಕ್ಕೆ ಇಳಿಯುವುದೇ ಇಲ್ಲ. ಫಿಲ್ಮ್ ಇರುವ ಕ್ಯಾಸೆಟ್ಟನ್ನು ಗೋಡೆಗೆ ಒರಗಿಸಿ ನೋಡಿದೆ, ಮಂಡಿ ತಾಗಿದ ಕೂಡಲೇ ಜಾರಿತು. ಕೊನೆಗೆ ಪೇಷಂಟನ್ನೇ ಮೇಲೆ ನಿಲ್ಲಿಸೋಣ ಅಂತ ಬಡಗಿಯಿಂದ ಎರಡು ಮೆಟ್ಟಿಲಿನ ಮರದ ಪೀಠ ಮಾಡಿಸಿದೆ. ಸುಮಾರು ನಾಲ್ಕು ಸಾವಿರ ಬಿತ್ತು, ಅರ್ಧ ನನ್ನ ಕೈಯಿಂದಲೇ. ಹಿಡಿಕೆಯ ನೆರಳು ಚಿತ್ರದಲ್ಲಿ ಬಂತು. ಅದನ್ನು ಬಿಚ್ಚಿ ಪಕ್ಕಕ್ಕೆ ಹಾಕಿಸಲು ಇನ್ನೊಂದು ಐನೂರು.

ಆಮೇಲೆ ನಡುಕ. ವಯಸ್ಸಾದವರು ಬಗ್ಗಿ ನಿಂತರೆ ಕಾಲು ಅದುರುತ್ತದೆ, ಚಿತ್ರ ಮಸುಕು. ಟ್ಯೂಬಿನ ಕರೆಂಟನ್ನು 200 ಎಂಎಗೆ (ಮಿಲಿಆಂಪಿಯರ್) ಏರಿಸಿ ಟೈಮನ್ನು 0.04 ಸೆಕೆಂಡಿಗೆ ಇಳಿಸಿದೆ. ವೋಲ್ಟೇಜ್ 62ರಿಂದ 65 ಕೆವಿ, ಚದುರಿದ ಕಿರಣ ತಡೆಯುವ ಗ್ರಿಡ್ ಇಲ್ಲ. ಮೂಳೆಯ ಗೆರೆ ಚೂಪಾಗಿ ಬಂತು.

"ಮಂಡಿ ಬಗ್ಗಿಸಿ" ಅಂದರೆ ಜನ ಸೊಂಟ ಬಗ್ಗಿಸುತ್ತಾರೆ. ನಾನು ಹೇಳುವುದು ಹೀಗೆ: "ಅಜ್ಜಿ, ಮಂಡಿ ಚಿಪ್ಪು ಈ ಹಲಗೆಗೆ ತಾಗಲಿ. ಕೂತ್ಕೊಳ್ಳೋಕೆ ಹೋಗೋ ಹಾಗೆ ಒಂಚೂರು ಕೆಳಗೆ ಬನ್ನಿ." ಕೋನ ನೋಡಲು ಫಿಲ್ಮ್ ಡಬ್ಬಿಯ ರಟ್ಟಿನಲ್ಲಿ 135 ಡಿಗ್ರಿಯ (ನೇರ ಕಾಲಿನ 180ರಲ್ಲಿ 45 ಕಳೆದು) ಮೂಲೆ ಕತ್ತರಿಸಿಟ್ಟಿದ್ದೇನೆ. ಪಕ್ಕದಿಂದ ತೊಡೆಗೂ ಕಣಕಾಲಿಗೂ ಹಿಡಿದರೆ ಆಯ್ತು. ನೋವಿಲ್ಲದ ಕಾಲಿನ ಮೇಲೆ ಜಾಸ್ತಿ ಭಾರ ಹಾಕುವವರನ್ನು ಎರಡೂ ಕಾಲಿನ ಮೇಲೆ ಸಮ ನಿಲ್ಲಿಸಲು ನನ್ನದೊಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಟ್ಯೂಬಿನ ಓರೆಯನ್ನೂ ಬದಲಿಸಿ ನೋಡಿದೆ. ಸುಮ್ನೆ ಎಕ್ಸ್‌ಪೋಶರ್ ಹೆಚ್ಚಿಸಬಾರದು ಅಲ್ವಾ, ಹೇಗೂ ರಿಪೀಟ್ ಬೇಕಾದವರಲ್ಲಿ ಮಾತ್ರ. ಟಿಬಿಯಾದ (ಕಣಕಾಲಿನ ದೊಡ್ಡ ಮೂಳೆ) ಒಳಬದಿಯ ಮುಂದಿನ ಅಂಚೂ ಹಿಂದಿನ ಅಂಚೂ ಒಂದೇ ಗೆರೆಯಾಗಿ ಬೀಳಬೇಕು. ಹೆಚ್ಚಿನವರಿಗೆ 10 ಡಿಗ್ರಿ ಸರಿಹೋಯಿತು, ಕೆಲವರಿಗೆ 5ರಲ್ಲೇ ಗೆರೆ ಕೂಡಿತು. ಇದೇ ಪೀಠದ ನಡುವೆ ಸೀಳು ಕೊರೆಸಿ ಕ್ಯಾಸೆಟ್ ನಿಲ್ಲಿಸಿದರೆ ಚಪ್ಪಟೆ ಪಾದದವರ ವೆಯ್ಟ್ ಬೇರಿಂಗ್ ಲ್ಯಾಟರಲ್ (ಭಾರ ಹಾಕಿ ನಿಂತ ಪಾದವನ್ನು ಪಕ್ಕದಿಂದ ತೆಗೆದದ್ದು) ಕೂಡ ಚೆನ್ನಾಗಿ ಬರುತ್ತದೆ.

ಡಾಕ್ಟರ ಮನಸ್ಸು ತಿರುಗಿಸಿದ್ದು ಒಬ್ಬ ಹೆಂಗಸಿನ ಮಂಡಿ. ಮೆಟ್ಟಿಲು ಇಳಿಯುವಾಗ ವಿಪರೀತ ನೋವು. ನೇರ ನಿಲ್ಲಿಸಿ ತೆಗೆದ ಎಪಿಯಲ್ಲಿ ಸಂದು ಚೆನ್ನಾಗಿಯೇ ಇತ್ತು. ಬಗ್ಗಿಸಿ ತೆಗೆದಾಗ ಹೊರಬದಿಯಲ್ಲಿ ಮೂಳೆಗೆ ಮೂಳೆ ತಾಗಿಕೊಂಡಿತ್ತು. ಫೀಮರ್ (ತೊಡೆಮೂಳೆ) ಗುಬುಟಿನ ಹಿಂಭಾಗದಲ್ಲಿ ಕಾರ್ಟಿಲೇಜ್ (ಮೂಳೆ ತುದಿಯ ನುಣುಪು ಹೊದಿಕೆ) ಸವೆದಿದ್ದರೆ ನೇರ ನಿಂತಾಗ ಕಾಣುವುದಿಲ್ಲ. ಬಗ್ಗಿದಾಗಲೇ ಆ ಜಾಗಕ್ಕೆ ಭಾರ ಬೀಳುವುದು. ಡಾಕ್ಟರು ಫೋನ್ ಮಾಡಿ, "ಎರಡೂ ಒಂದೇ ಮಂಡಿದಾ?" ಅಂತ ಕೇಳಿದರು. "ಹೌದು ಸಾರ್, ಐದು ನಿಮಿಷದ ಅಂತರದಲ್ಲಿ ತೆಗೆದದ್ದು" ಅಂದೆ.

ಎರಡೂ ಮಂಡಿ ಒಂದೇ ಫಿಲ್ಮ್‌ನಲ್ಲಿ ಬರುವುದರಿಂದ ಮಾಲೀಕರೂ ಈಗ ಸುಮ್ಮನಿದ್ದಾರೆ. ಪೀಠದ ದುಡ್ಡು ಎರಡು ಮೂರು ತಿಂಗಳಲ್ಲೇ ಹುಟ್ಟಿತು. ಬಿದ್ದು ಪೆಟ್ಟು ಮಾಡಿಕೊಂಡು ಬಂದವರನ್ನು ಮಾತ್ರ ಇದರ ಮೇಲೆ ಹತ್ತಿಸಬೇಡಿ.