ಥಾಲರ್ ಎಂಬ ಹೆಸರಿನ ಜಾಡು ಹಿಡಿದು

ನಾಣ್ಯ ಸಂಗ್ರಹಿಸುವವರಲ್ಲಿ ಹೆಚ್ಚಿನವರು ಒಂದು ರಾಜಮನೆತನವನ್ನೋ ಒಂದು ಕಾಲಘಟ್ಟವನ್ನೋ ಆರಿಸಿಕೊಳ್ಳುತ್ತಾರೆ. ನಾನೂ ಬಹುಕಾಲ ಕೆಳದಿ, ಮೈಸೂರು ಎಂದು ಹುಡುಕುತ್ತಿದ್ದವನು. ಆಮೇಲೆ ಒಂದು ಹೆಸರನ್ನು ಬೆನ್ನುಹತ್ತಿದೆ. ಯುರೋಪಿನ ಹಳೆಯ ಬೆಳ್ಳಿ ನಾಣ್ಯ ಥಾಲರ್, ಅದರ ಹೊಟ್ಟೆಯಲ್ಲಿ ಹುಟ್ಟಿದ ಡಾಲರ್, ದಾಲರ್, ತೋಲಾರ್, ತಲ್ಲೆರೊ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ನನಗೆ ನಾನೇ ಹಾಕಿಕೊಂಡ ನಿಯಮ ಇಷ್ಟೇ: ನಾಣ್ಯ ಆ ಹೆಸರಿನ ಬಳಗಕ್ಕೆ ಸೇರಿರಬೇಕು, ಪೆಟ್ಟಿಗೆಗೆ ಹೋಗುವ ಮೊದಲು ಅದನ್ನು ತೂಗಿ, ಅದರಲ್ಲಿರುವ ಚೊಕ್ಕ ಬೆಳ್ಳಿಯ ಲೆಕ್ಕವನ್ನು ಚೀಟಿಯಲ್ಲಿ ಬರೆದಿಡಬೇಕು. ಈ ಎರಡನೆಯ ನಿಯಮವೇ ಮುಂದೆ ನನಗೆ ಎಲ್ಲವನ್ನೂ ಕಲಿಸಿತು.

ಹೆಸರು ಹುಟ್ಟಿದ ಊರನ್ನು ನೋಡದೆ ಈ ಕೆಲಸ ಪೂರ್ತಿಯಾಗದು ಎನಿಸಿ ಜೆಕ್ ದೇಶಕ್ಕೆ ಹೋದೆ. ಕಾರ್ಲೋವಿ ವಾರಿಯಿಂದ ಬಸ್ಸು ಬೆಟ್ಟ ಹತ್ತುತ್ತಾ ಜರ್ಮನಿಯ ಗಡಿಯ ಕಡೆಗೆ ಸಾಗುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಉದ್ದಕ್ಕೆ ಚಾಚಿಕೊಂಡ ಸಣ್ಣ ಊರು ಯಾಖಿಮೋವ್. ಜರ್ಮನ್ನರು ಇಟ್ಟ ಹೆಸರು ಯೋಆಖಿಮ್ಸ್‌ಟಾಲ್, ಅಂದರೆ ಯೋಆಖಿಮನ ಕಣಿವೆ. ಯೋಆಖಿಮ್ ಯೇಸುವಿನ ತಾಯಿ ಮರಿಯಳ ತಂದೆ. ಬೆಟ್ಟದ ಆಚೆ ಬದಿಯಲ್ಲಿ ಅದಕ್ಕೂ ಮೊದಲೇ ಬೆಳ್ಳಿಯಿಂದ ಬೆಳೆದ ಊರಿಗೆ ಮರಿಯಳ ತಾಯಿಯ ಹೆಸರಿನಿಂದ ಆನ್ನಾಬೆರ್ಗ್ ಎಂದಿತ್ತು. ಹೆಂಡತಿಯ ಊರಿನ ಎದುರಿಗೆ ಗಂಡನ ಊರು. 1521ರಲ್ಲಿ ಮಗಳ ಹೆಸರಿನ ಮರೀನ್‌ಬೆರ್ಗ್ ಕೂಡ ಎದ್ದಿತು. ಬೆಳ್ಳಿ ಸಿಕ್ಕಿದ ಸಡಗರದಲ್ಲಿ ಗಣಿಗಾರರು ಒಂದು ಪವಿತ್ರ ಕುಟುಂಬವನ್ನೇ ಬೆಟ್ಟದಲ್ಲಿ ನೆಲೆಗೊಳಿಸಿದ್ದರು.

ಊರು ಸ್ಥಾಪನೆಯಾದದ್ದು 1516ರಲ್ಲಿ. ಜಮೀನಿನ ಒಡೆಯ ಕೌಂಟ್ ಷ್ಟೆಫಾನ್ ಷ್ಲಿಕ್. ಸಿಕ್ಕಿದ ಬೆಳ್ಳಿಯನ್ನು ಗಟ್ಟಿಯಾಗಿ ಮಾರುವುದಕ್ಕಿಂತ ನಾಣ್ಯವಾಗಿಸಿದರೆ ಲಾಭ ಹೆಚ್ಚು. 1520ರ ಜನವರಿಯಲ್ಲಿ, ಇಂದಿನ ಜೆಕ್ ದೇಶದ ಭಾಗವಾದ ಬೊಹೀಮಿಯಾದ ಪ್ರತಿನಿಧಿ ಸಭೆ ಆ ಮನೆತನಕ್ಕೆ ಟಂಕಿಸುವ ಹಕ್ಕು ಕೊಟ್ಟಿತು. ಹಳೆಯ ಟಂಕಸಾಲೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ. ಷ್ಲಿಕ್ ನಾಣ್ಯದ ಒಂದು ಬದಿಯಲ್ಲಿ ಉದ್ದನೆಯ ನಿಲುವಂಗಿ ತೊಟ್ಟ ಸಂತ ಯೋಆಖಿಮ್, ಜತೆಗೆ ಷ್ಲಿಕ್ ಮನೆತನದ ಲಾಂಛನ. ಇನ್ನೊಂದು ಬದಿಯಲ್ಲಿ ಎರಡು ಬಾಲಗಳ, ಕಿರೀಟ ಧರಿಸಿದ ಬೊಹೀಮಿಯಾದ ಸಿಂಹ, ಸುತ್ತಲೂ ರಾಜ ಲೂಯಿಯ ಹೆಸರು. ತೂಕ ಸುಮಾರು 29 ಗ್ರಾಂ. ಅಸಲಿ ಷ್ಲಿಕ್ ನಾಣ್ಯ ಕೊಳ್ಳುವುದು ನನ್ನ ಅಳವಿಗೆ ಮೀರಿದ ಮಾತು. ಆದ್ದರಿಂದ ನನ್ನ ಪೆಟ್ಟಿಗೆಯಲ್ಲಿ ಅದರ ಜಾಗದಲ್ಲಿ ಚೀಟಿ ಮಾತ್ರ ಇದೆ, ಅದಕ್ಕೆ ನನಗೆ ಬೇಸರವಿಲ್ಲ.

ದೊಡ್ಡ ಬೆಳ್ಳಿ ನಾಣ್ಯದ ಕಲ್ಪನೆ ಷ್ಲಿಕ್ಕನದಲ್ಲ. 1486ರಲ್ಲೇ ಆಸ್ಟ್ರಿಯಾದ ತಿರೋಲ್ ಪ್ರಾಂತ್ಯದ ಹಾಲ್ ಎಂಬ ಊರಿನಲ್ಲಿ ಆರ್ಚ್‌ಡ್ಯೂಕ್ ಸಿಗಿಸ್ಮಂಡ್ ಒಂದು ಚಿನ್ನದ ಗುಲ್ಡನ್ನಿಗೆ ಸಮನಾದ ಬೆಳ್ಳಿಯ ನಾಣ್ಯ ತಂದಿದ್ದ. ಅದು ಗುಲ್ಡಿನರ್. ಸುಮಾರು 32 ಗ್ರಾಂ ತೂಗುವ, ನೋಡಲು ಬಹಳ ಚೆಲುವಾದ ನಾಣ್ಯ. ಆದರೆ ಹೆಚ್ಚು ಅಚ್ಚಾಗಲಿಲ್ಲ. ಯಾಖಿಮೋವ್ 1528ರ ಹೊತ್ತಿಗೆ 20 ಲಕ್ಷಕ್ಕೂ ಹೆಚ್ಚು ನಾಣ್ಯಗಳನ್ನು ಹೊರಹಾಕಿತ್ತು. ಸಂತೆಯಲ್ಲಿ ಕೈಯಿಂದ ಕೈಗೆ ದಾಟಿದ್ದು ಇದು, ಹೆಸರು ಅಂಟಿದ್ದೂ ಇದಕ್ಕೆ. ಮೊದಲು ಮಾಡಿದವನಿಗಿಂತ ಯಥೇಚ್ಛವಾಗಿ ಮಾಡಿದವನ ಊರೇ ನಾಣ್ಯದ ಹೆಸರಾಯಿತು. ಯೋಆಖಿಮ್ಸ್‌ಟಾಲರ್ ಎಂಬ ಉದ್ದನೆಯ ಹೆಸರಿನ ಬಾಲವನ್ನಷ್ಟೇ ಉಳಿಸಿಕೊಂಡು ಜರ್ಮನ್ನರು ಥಾಲರ್ ಎಂದರು. ಕೆಳದಿಯ ನಾಣ್ಯ ಹುಡುಕುತ್ತಿದ್ದ ನನಗೆ ಇದು ಹೊಸತೆನಿಸಲಿಲ್ಲ. ರಾಜಧಾನಿ ಬಿದನೂರಿಗೆ ಹೋದ ಮೇಲೂ ನಾಯಕರ ಚಿನ್ನದ ನಾಣ್ಯವನ್ನು ಜನ ಇಕ್ಕೇರಿ ವರಾಹ ಎಂದೇ ಕರೆದರಲ್ಲ.

ಷ್ಲಿಕ್ಕನ ವೈಭವ ಬೇಗ ಮುಗಿಯಿತು. 1526ರಲ್ಲಿ ತುರ್ಕರ ವಿರುದ್ಧ ಮೊಹಾಚ್ ಕಾಳಗದಲ್ಲಿ ರಾಜ ಲೂಯಿ ಸತ್ತ, ಅದೇ ಕಾಳಗದಲ್ಲಿ ಷ್ಲಿಕ್ಕನೂ ಇಲ್ಲವಾದ. ಎರಡು ವರ್ಷದಲ್ಲಿ ಹೊಸ ದೊರೆ ಫರ್ಡಿನಂಡ್ ಟಂಕಸಾಲೆಯನ್ನು ತನ್ನ ಕೈಗೆ ತೆಗೆದುಕೊಂಡ. ಬೆಳ್ಳಿ ಕಡಿಮೆಯಾದಂತೆ ಊರು ಸೊರಗಿತು. ಗಣಿಗಾರರು ಬೇಡವೆಂದು ಎಸೆಯುತ್ತಿದ್ದ ಪಿಚ್‌ಬ್ಲೆಂಡ್ ಎಂಬ ಕಪ್ಪು ಅದಿರಿನಿಂದಲೇ 1898ರಲ್ಲಿ ಕ್ಯೂರಿ ದಂಪತಿ ಪೊಲೋನಿಯಂ ಮತ್ತು ರೇಡಿಯಂ ಕಂಡುಹಿಡಿದರು. ಅದು ಬೇರೆಯೇ ಕಥೆ, ಆದರೆ ಆ ಊರಿನಲ್ಲಿ ನಿಂತಾಗ ಅದನ್ನು ನೆನೆಯದೆ ಇರಲಾಗುವುದಿಲ್ಲ.

ನಾಣ್ಯ ಹೋದಲ್ಲೆಲ್ಲ ಹೆಸರೂ ಹೋಯಿತು, ಆಯಾ ನಾಲಿಗೆಗೆ ಒಗ್ಗಿಕೊಂಡಿತು. ಡಚ್ಚರಲ್ಲಿ ದಾಲ್ದರ್, ಡೆನ್ಮಾರ್ಕ್, ಸ್ವೀಡನ್ನುಗಳಲ್ಲಿ ದಾಲರ್, ಇಟಲಿಯಲ್ಲಿ ತಲ್ಲೆರೊ, ಜೆಕ್ಕರಲ್ಲಿ ತೋಲಾರ್. ರಷ್ಯನ್ನರು ಮಾತ್ರ ಬಾಲ ಬಿಟ್ಟು ತಲೆ ಹಿಡಿದರು. ಯೋಆಖಿಮ್ ಅವರ ಬಾಯಲ್ಲಿ ಯೆಫೀಮ್, ನಾಣ್ಯ ಯೆಫೀಮೊಕ್. 1655ರಲ್ಲಿ ಜಾರ್ ಅಲೆಕ್ಸೇಯ್ ಹೊರಗಿನಿಂದ ಬಂದ ಥಾಲರುಗಳ ಮೇಲೆ ಕುದುರೆ ಸವಾರನ ಮುದ್ರೆ ಮತ್ತು ಇಸವಿ ಒತ್ತಿಸಿ ತನ್ನ ನಾಡಿನಲ್ಲಿ ಚಲಾವಣೆಗೆ ಬಿಟ್ಟ. ಒಂದೇ ಪದದ ಎರಡು ತುಂಡು ಎರಡು ದಿಕ್ಕಿಗೆ ಹೋದದ್ದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಸ್ವೀಡನ್ನಿನಲ್ಲಿ ಹೆಸರು ಬೆಳ್ಳಿಯನ್ನೂ ಬಿಟ್ಟು ಹೋಯಿತು. ಆ ದೇಶದಲ್ಲಿ ತಾಮ್ರ ಹೇರಳ. 1644ರಲ್ಲಿ ಅಚ್ಚಾದ 10 ದಾಲರಿನ ತಾಮ್ರದ ಹಲಗೆ 19 ಕಿಲೋಗೂ ಹೆಚ್ಚು ತೂಗುತ್ತದೆ. ಹೆಸರಿಗೆ ತಕ್ಕ ಮೌಲ್ಯದ ಲೋಹ ಇರಲೇಬೇಕು ಎಂದು ಪಟ್ಟು ಹಿಡಿದರೆ ಆಗುವುದು ಹೀಗೆ.

ಡಚ್ಚರ ಸಿಂಹದ ದಾಲ್ದರ್ ನನಗೆ ಅಚ್ಚುಮೆಚ್ಚು. 1575ರಲ್ಲಿ ಆರಂಭವಾದ ಈ ನಾಣ್ಯದ ಒಂದು ಬದಿಯಲ್ಲಿ ಗುರಾಣಿಯ ಹಿಂದೆ ನಿಂತ ಯೋಧ, ಇನ್ನೊಂದು ಬದಿಯಲ್ಲಿ ಹಿಂಗಾಲಿನ ಮೇಲೆ ಎದ್ದ ಸಿಂಹ. ನನ್ನ ಬಳಿ ಇರುವುದು ಅಂಚು ಸೊಟ್ಟಗಿರುವ, ಅಚ್ಚು ಅರೆಬರೆ ಮೂಡಿದ, ಚೆನ್ನಾಗಿ ಸವೆದ ತುಂಡು. ಇದರಲ್ಲಿ ಮುಕ್ಕಾಲು ಪಾಲು ಮಾತ್ರ ಬೆಳ್ಳಿ. ಬೇರೆ ಥಾಲರುಗಳಿಗಿಂತ ಬಡ ನಾಣ್ಯವಾದ್ದರಿಂದಲೇ ಡಚ್ ವರ್ತಕರು ಇದನ್ನು ಮನೆಯಲ್ಲಿ ಇಟ್ಟುಕೊಳ್ಳದೆ ತುರ್ಕರ ನಾಡಿಗೂ ಅಮೆರಿಕದ ವಸಾಹತುಗಳಿಗೂ ಸಾಗಿಸಿದರು. ಸವೆದ ಸಿಂಹವನ್ನು ಅರಬರು ನಾಯಿ ಎಂದು ತಿಳಿದು ‘ಅಬು ಕಲ್ಬ್’ ಎಂದರು. ರುಮೇನಿಯಾದ ಇಂದಿನ ಲೇಉ, 2026ರಲ್ಲಿ ಯೂರೋ ಬರುವವರೆಗೆ ಬಲ್ಗೇರಿಯಾದಲ್ಲಿದ್ದ ಲೆವ್ ಎಂಬ ಹಣದ ಹೆಸರುಗಳು ಇದೇ ಸಿಂಹದವು.

ಇಂಗ್ಲಿಷರು ದಾಲರನ್ನು ಡಾಲರ್ ಮಾಡಿಕೊಂಡದ್ದು 16ನೇ ಶತಮಾನದಲ್ಲೇ. ಅಮೆರಿಕದ ವಸಾಹತುಗಳಲ್ಲಿ ಓಡಾಡುತ್ತಿದ್ದ ಸ್ಪೇನಿನ ಎಂಟು ರಿಯಾಲಿನ ನಾಣ್ಯವನ್ನೂ ಅವರು ಅದೇ ಹೆಸರಿನಿಂದ ಕರೆದರು. ಸ್ಪೇನಿನವರು ಅದನ್ನು ಎಂದೂ ಡಾಲರ್ ಎಂದವರಲ್ಲ. 1785ರ ಜುಲೈ 6ರಂದು ಅಮೆರಿಕದ ಕಾಂಗ್ರೆಸ್ ತನ್ನ ಹಣದ ಘಟಕ ಡಾಲರ್ ಎಂದು ತೀರ್ಮಾನಿಸಿತು. 1792ರ ಕಾಯ್ದೆ ಅದರಲ್ಲಿ 371.25 ಗ್ರೇನ್, ಅಂದರೆ 24.06 ಗ್ರಾಂ ಚೊಕ್ಕ ಬೆಳ್ಳಿ ಇರಬೇಕೆಂದಿತು. ಸ್ಪೇನಿನ ನಾಣ್ಯ ಅಲ್ಲಿ 1857ರವರೆಗೂ ಕಾನೂನುಬದ್ಧವಾಗಿ ನಡೆಯಿತು.

ಇಷ್ಟೆಲ್ಲ ಓದಿ ತಿಳಿಯಬಹುದು. ಓದಿನಿಂದ ಕಾಣದೆ, ಚೀಟಿಗಳನ್ನು ಸಾಲಾಗಿ ಇಟ್ಟಾಗ ಕಂಡದ್ದು ಬೇರೆ. 1566ರ ಪವಿತ್ರ ರೋಮನ್ ಸಾಮ್ರಾಜ್ಯದ ಥಾಲರಿನಲ್ಲಿ 25.98 ಗ್ರಾಂ ಚೊಕ್ಕ ಬೆಳ್ಳಿ. ಕಲೋನ್ ಮಾರ್ಕ್ ಎಂಬ ತೂಕದ ಬೆಳ್ಳಿಗೆ ಒಂಬತ್ತು ಥಾಲರ್ ಎಂಬ ಲೆಕ್ಕ. 1750ರಲ್ಲಿ ಪ್ರಷ್ಯಾ ಅದೇ ಮಾರ್ಕಿಗೆ ಹದಿನಾಲ್ಕು ಥಾಲರ್ ಮಾಡಿತು. ಒಂದಕ್ಕೆ 16.7 ಗ್ರಾಂ ಉಳಿಯಿತು. 1857ರಲ್ಲಿ ಜರ್ಮನ್ ರಾಜ್ಯಗಳು ಒಟ್ಟಾಗಿ ತಂದ ಥಾಲರಿನಲ್ಲೂ 16.67 ಗ್ರಾಮೇ. ಹೆಸರು ಅದೇ, ಬೆಳ್ಳಿ ಮೂರನೇ ಒಂದಕ್ಕಿಂತ ಹೆಚ್ಚು ಕರಗಿತ್ತು. ಅರಸನ ಕಾನೂನು ನಡೆಯುವ ನೆಲದಲ್ಲಿ ಜನ ಹೆಸರನ್ನು ಒಪ್ಪಿಕೊಳ್ಳುತ್ತಾರೆ, ಬೆಳ್ಳಿ ಕಡಿಮೆಯಾದರೂ ವ್ಯವಹಾರ ನಡೆಯುತ್ತದೆ. ಕಾನೂನು ತಲುಪದ ದೂರದ ನೆಲದಲ್ಲಿ ಏನಾಗುತ್ತದೆ?

ಅದಕ್ಕೆ ಉತ್ತರ ಮರಿಯಾ ಥೆರೇಸಾ ಥಾಲರ್. ಆಸ್ಟ್ರಿಯಾದ ಈ ರಾಣಿ 1780ರಲ್ಲಿ ತೀರಿಕೊಂಡಳು. ಆ ಇಸವಿಯನ್ನೇ ಹೊತ್ತ ಆಕೆಯ ನಾಣ್ಯ ಇಂದಿಗೂ ವಿಯೆನ್ನಾದಲ್ಲಿ ಅಚ್ಚಾಗುತ್ತಿದೆ. ಇಥಿಯೋಪಿಯಾ, ಯೆಮನ್, ಕೆಂಪು ಸಮುದ್ರದ ಎರಡೂ ದಡಗಳ ಕಾಫಿ ವ್ಯಾಪಾರ ನಡೆದದ್ದು ಇದರಲ್ಲಿ. ಅಲ್ಲಿನ ವರ್ತಕರಿಗೆ ಆಸ್ಟ್ರಿಯಾದ ಕಾನೂನಿನ ಹಂಗಿರಲಿಲ್ಲ. ರಾಣಿಯ ಭುಜದ ಮೇಲಿನ ಪದಕದ ಮುತ್ತುಗಳನ್ನು ಉಗುರಿನಿಂದ ಎಣಿಸಿ ನೋಡುತ್ತಿದ್ದರು. ಮುಖ ಬದಲಾದರೆ, ಇಸವಿ ಬದಲಾದರೆ ಬೇಡವೇ ಬೇಡ. ಇಥಿಯೋಪಿಯಾದ ಚಕ್ರವರ್ತಿ ಮೆನೆಲಿಕ್ ತನ್ನದೇ ಮುಖದ ನಾಣ್ಯವನ್ನು ಪ್ಯಾರಿಸ್ಸಿನಲ್ಲಿ ಮಾಡಿಸಿ ತಂದರೂ ಆತನ ಪ್ರಜೆಗಳು ರಾಣಿಯನ್ನು ಬಿಡಲಿಲ್ಲ. ಆಸ್ಟ್ರಿಯಾದಲ್ಲೇ ಚಲಾವಣೆ 1858ರಲ್ಲಿ ನಿಂತಿತು, ಹೊರಗಡೆ ನಿಲ್ಲಲಿಲ್ಲ. ಹೆಂಗಸರು ಇದನ್ನು ಸರಕ್ಕೆ ಪೋಣಿಸಿಕೊಂಡು ಧರಿಸಿದರು. ನಮ್ಮ ಆಭರಣದಂಗಡಿಗಳಲ್ಲೂ ಸರದ ಪದಕವನ್ನು ಡಾಲರ್ ಎಂದೇ ಕೇಳುತ್ತೇವೆ.

ಈ ನಾಣ್ಯ ಬೆಂಗಳೂರಿನ ನಾಣ್ಯ ಪ್ರದರ್ಶನಗಳಲ್ಲಿ ಸಿಗುತ್ತದೆ, ನಕಲೂ ಸಿಗುತ್ತದೆ. ನಾನು ಪರೀಕ್ಷಿಸುವ ಕ್ರಮ ಹೀಗೆ. ಮೊದಲು ಅಂಚು. ‘ನ್ಯಾಯ ಮತ್ತು ಕರುಣೆ’ ಎಂಬ ಅರ್ಥದ ಲ್ಯಾಟಿನ್ ಬರಹ, ನಡುನಡುವೆ ಬಳ್ಳಿಯ ಅಲಂಕಾರ ಇರಬೇಕು. ಬರೀ ಗೆರೆಗಳಿದ್ದರೆ ಅಲ್ಲಿಗೇ ಬಿಡುತ್ತೇನೆ. ಆಮೇಲೆ ತೂಕ, 28.07 ಗ್ರಾಂ. ಸವೆದದ್ದಾದರೆ ಸ್ವಲ್ಪ ಕಡಿಮೆ. ತೂಕ ಸರಿಹೊಂದಿಸಿದ ನಕಲುಗಳೂ ಇರುವುದರಿಂದ ಮೂರನೆಯದು ನೀರಿನ ಪರೀಕ್ಷೆ. ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ನೀರು ತುಂಬಿದ ಲೋಟ ಇಟ್ಟು ಸೊನ್ನೆಗೆ ತರುತ್ತೇನೆ. ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ಲೋಟದ ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ಮುಳುಗಿಸುತ್ತೇನೆ. ಗಾಳಿಯ ಗುಳ್ಳೆ ಅಂಟಿದ್ದರೆ ಮೆಲ್ಲಗೆ ಅಲುಗಾಡಿಸಿ ಬಿಡಿಸಬೇಕು. ತಕ್ಕಡಿ ಈಗ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ಅಸಲಿ ಥಾಲರಾದರೆ ಅದು 2.75 ಗ್ರಾಮಿನ ಆಸುಪಾಸು. ನಾಣ್ಯದ ತೂಕವನ್ನು ಇದರಿಂದ ಭಾಗಿಸಿದರೆ 10.2 ಬರುತ್ತದೆ. ಆರರಲ್ಲಿ ಐದು ಪಾಲು ಬೆಳ್ಳಿ, ಒಂದು ಪಾಲು ತಾಮ್ರ ಬೆರೆತರೆ ಬರಬೇಕಾದ ಸಾಂದ್ರತೆ ಅದೇ. ತಾಮ್ರ ನಿಕ್ಕಲ್‌ಗಳ ನಕಲಾದರೆ ತಕ್ಕಡಿ 3.1 ದಾಟುತ್ತದೆ. ಒರೆಗಲ್ಲಿಗೆ ಉಜ್ಜಿ ನಾಣ್ಯಕ್ಕೆ ಗಾಯ ಮಾಡುವ ಅಗತ್ಯವೇ ಇಲ್ಲ.

ನನ್ನ ಸಂಗ್ರಹದ ನಡುಮಧ್ಯದಲ್ಲಿ ಇರುವುದು ಬಾಂಬೆ ಟಂಕಸಾಲೆ. ಥಾಲರಿನ ವಂಶದ ಎರಡು ಕವಲುಗಳು ಅಲ್ಲಿ ಅಚ್ಚಾಗಿವೆ. ಹಾಂಗ್‌ಕಾಂಗ್ ಮತ್ತು ಮಲಯದ ಕಡೆಯ ವ್ಯಾಪಾರಕ್ಕಾಗಿ 1895ರಿಂದ ಬ್ರಿಟಿಷರು ಹೊರತಂದ ವ್ಯಾಪಾರಿ ಡಾಲರ್ ಮೊದಲನೆಯದು. ತ್ರಿಶೂಲ ಹಿಡಿದು ನಿಂತ ಬ್ರಿಟಾನಿಯಾ ಒಂದು ಬದಿಗೆ, ಚೀನೀ ಮತ್ತು ಮಲಯ ಬರಹ ಇನ್ನೊಂದು ಬದಿಗೆ. ಭೂತಗನ್ನಡಿ ಇಟ್ಟು ತ್ರಿಶೂಲದ ನಡುವಿನ ಮೊನೆಯನ್ನು ನೋಡಿದರೆ ಬಾಂಬೆಯನ್ನು ಸೂಚಿಸುವ ‘ಬಿ’ ಅಕ್ಷರ ಕಾಣುತ್ತದೆ. ಎರಡನೆಯದು ಮರಿಯಾ ಥೆರೇಸಾ. 1935ರಲ್ಲಿ ಮುಸೊಲಿನಿಯ ಇಟಲಿ ಇದರ ಅಚ್ಚುಗಳನ್ನು ಆಸ್ಟ್ರಿಯಾದಿಂದ ಪಡೆದುಕೊಂಡ ಮೇಲೆ ಲಂಡನ್, ಪ್ಯಾರಿಸ್, ಬ್ರಸೆಲ್ಸ್‌ಗಳೂ ಟಂಕಿಸತೊಡಗಿದವು. ಯುದ್ಧಕಾಲದಲ್ಲಿ, 1940 ಮತ್ತು 1941ರಲ್ಲಿ, ಬಾಂಬೆ ಟಂಕಸಾಲೆಯೂ ಆ ಕೆಲಸಕ್ಕೆ ಇಳಿಯಿತು.

1940ರಲ್ಲೇ ಬ್ರಿಟಿಷ್ ಭಾರತದ ರೂಪಾಯಿಯ ಬೆಳ್ಳಿ ಇಳಿಯಿತು. ಅಲ್ಲಿಯವರೆಗೆ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದ ನಾಣ್ಯ ಅರ್ಧ ಬೆಳ್ಳಿಯದಾಯಿತು. ತೂಕ 11.66 ಗ್ರಾಂ ಹಾಗೆಯೇ ಉಳಿಯಿತು, ಒಳಗಿನ ಚೊಕ್ಕ ಬೆಳ್ಳಿ ಮಾತ್ರ 10.69ರಿಂದ 5.83 ಗ್ರಾಮಿಗೆ ಬಂತು. ಅದೇ ಟಂಕಸಾಲೆಯಲ್ಲಿ ಥಾಲರಿನ ಬೆಳ್ಳಿಯಲ್ಲಿ ಒಂದು ಗುಲಗಂಜಿಯೂ ಕಡಿಮೆಯಾಗಲಿಲ್ಲ, ಕಡಿಮೆ ಮಾಡುವಂತೆಯೂ ಇರಲಿಲ್ಲ. ನಮ್ಮ ಜನರ ಮೇಲೆ ಸರ್ಕಾರದ ಕಾನೂನು ನಡೆಯುತ್ತಿತ್ತು. ಯೆಮನ್ನಿನ ವರ್ತಕನ ಮೇಲೆ ನಡೆಯುತ್ತಿರಲಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. 1918ರ ಒಂದು ರೂಪಾಯಿ, 1940ರ ಒಂದು ರೂಪಾಯಿ ತನ್ನಿ. ಎರಡೂ ಸುಲಭವಾಗಿ ಸಿಗುತ್ತವೆ. ಅದೇ ಲೋಟದ ನೀರಿನಲ್ಲಿ ಮುಳುಗಿಸಿದರೆ ಹಳೆಯದು 1.13 ಗ್ರಾಮಿನ ಹತ್ತಿರ, ಹೊಸದು 1.22ರ ಹತ್ತಿರ ತೋರಿಸುತ್ತದೆ. ಥಾಲರನ್ನು ಮಾತ್ರ ಬಾಂಬೆಯದು ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ ಕೂಡಲೇ ಒಪ್ಪಬೇಡಿ. ಅದರ ಮೇಲೆ ಊರಿನ ಗುರುತು ಇರುವುದಿಲ್ಲ. ಹಿಂಬದಿಯ ಹದ್ದಿನ ಗರಿಗಳು, ಅಂಚಿನ ಬಳ್ಳಿ, ಮುತ್ತುಗಳ ಆಕಾರ ಇವುಗಳ ಸೂಕ್ಷ್ಮ ವ್ಯತ್ಯಾಸವನ್ನು ಒಳ್ಳೆಯ ಕ್ಯಾಟಲಾಗಿನ ದೊಡ್ಡ ಚಿತ್ರಗಳೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಹಣ ಕೊಡಿ.